ಅರ್ಧ ಹಡಗಿನ ಪೂರ್ತಿ ಕಥೆ

ಗ್ರೀಸ್ ನೌಕಾಪಡೆಯ ‘ಕಾಲಿಸ್ಟೊ’ ಎಂಬ ಹಡಗು 2020ರ ಅಕ್ಟೋಬರ್ 27ರ ಬೆಳಿಗ್ಗೆ ಪಿರೇಯಸ್ ಬಂದರಿನ ಹೊರಗೆ ಎರಡು ತುಂಡಾಯಿತು. ಅದೇ ಬಂದರಿನಿಂದ ಹೊರಟಿದ್ದ ‘ಮೆರ್ಸ್ಕ್ ಲಾನ್ಸೆಸ್ಟನ್’ ಎಂಬ ಕಂಟೇನರ್ ಹಡಗು ಬಂದು ಗುದ್ದಿದ ಹೊಡೆತಕ್ಕೆ ಕಾಲಿಸ್ಟೊದ ಹಿಂಭಾಗ ಕತ್ತರಿಸಿಯೇ ಹೋಯಿತು. ಗುದ್ದಿದ ಹಡಗಿನ ಉದ್ದ 266 ಮೀಟರ್, ಗುದ್ದಿಸಿಕೊಂಡದ್ದರ ಉದ್ದ 60 ಮೀಟರ್. ಕಳಚಿದ ತುಂಡು ತಳ ಸೇರಿತು. ಉಳಿದದ್ದು ವಾಲಿಕೊಂಡು ತೇಲುತ್ತಿತ್ತು; ಅದನ್ನು ಎಳೆದುಕೊಂಡು ಹೋಗಿ ಎದುರಿನ ಸಲಾಮಿಸ್ ನೌಕಾನೆಲೆಗೆ ಸೇರಿಸಿದರು. ಒಳಗಿದ್ದ 27 ಮಂದಿಯೂ ಬದುಕಿದರು, ಇಬ್ಬರಿಗೆ ಗಾಯವಾಗಿತ್ತು. ಮೂರೇ ದಿನಕ್ಕೆ ಸಾಮೋಸ್ ದ್ವೀಪದ ಬಳಿ ದೊಡ್ಡ ಭೂಕಂಪವಾಗಿ ಗ್ರೀಸಿನ ಗಮನವೆಲ್ಲ ಅತ್ತ ಹರಿಯಿತು.

ಬಂದರಿನ ಬಾಯಲ್ಲಿ ಹಡಗುಗಳು ಡಿಕ್ಕಿಯಾಗುವುದು ಅಪರೂಪವೇನಲ್ಲ. ಆದರೆ ಈ ಹಡಗು ಹುಟ್ಟಿದ್ದೇ ಸಮುದ್ರದಲ್ಲಿ ಯಾರ ಕಣ್ಣಿಗೂ ಬೀಳದ ಅಪಾಯವನ್ನು ಹುಡುಕಲು. ಅಂಥದ್ದು ಎರಡೂವರೆ ಫುಟ್ಬಾಲ್ ಮೈದಾನದ ಉದ್ದಕ್ಕೆ ಸಮೀಪವಿದ್ದ, ಬೆಳಗಿನ ಬೆಳಕಿನಲ್ಲಿ ಎಲ್ಲರಿಗೂ ಕಾಣುವ ಇನ್ನೊಂದು ಹಡಗಿನಿಂದ ಕೊನೆಗಂಡಿತು. ಎರಡು ದೇಶ, ಎರಡು ಹೆಸರು, 32 ವರ್ಷಗಳ ಸೇವೆ, ಒಂದು ಮೈನೂ ಅದನ್ನು ಮುಟ್ಟಲಿಲ್ಲ. ಈ ಚರಿತ್ರೆಯನ್ನು ಒಮ್ಮೆ ಹಿಂದಿನಿಂದ ಓದಿದರೆ, ಒಂದೇ ಒಂದು ಶತ್ರುವಿಗಾಗಿ ಮೈಯನ್ನೆಲ್ಲ ರೂಪಿಸಿಕೊಳ್ಳುವುದೆಂದರೆ ಏನು, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದು ಗೊತ್ತಾಗುತ್ತದೆ.

ಮೈನ್ ಎಂದರೆ ಕಾದು ಕೂರುವ ಬಾಂಬು. ಭೂಮಿಯ ಮೇಲೆ ಅದನ್ನು ನೆಲಬಾಂಬ್ ಎನ್ನುತ್ತೇವೆ. ನೀರಿನಲ್ಲಿ ಅದರ ಹಳೆಯ ರೂಪ ಗುಂಡಗಿನ ಕಬ್ಬಿಣದ ಗೋಳ, ಮೈಮೇಲೆಲ್ಲ ಕೊಂಬು. ಕೊಂಬಿನೊಳಗೆ ಆಮ್ಲ ತುಂಬಿದ ಗಾಜಿನ ಕೊಳವೆ. ಹಡಗು ತಾಗಿ ಕೊಂಬು ಬಗ್ಗಿದರೆ ಗಾಜು ಒಡೆಯುತ್ತದೆ, ಆಮ್ಲ ಇಳಿದು ಬ್ಯಾಟರಿಗೆ ಜೀವ ಬರುತ್ತದೆ, ಉಳಿದದ್ದನ್ನು ಸ್ಫೋಟಕ ನೋಡಿಕೊಳ್ಳುತ್ತದೆ. ಇಂಥ ಮೈನನ್ನು ತಳದ ಭಾರಕ್ಕೆ ತಂತಿಯಿಂದ ಕಟ್ಟಿ, ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿರುತ್ತಾರೆ. ತೆಗೆಯುವ ವಿಧಾನವೂ ಸರಳ: ಕತ್ತರಿ ಜೋಡಿಸಿದ ಹಗ್ಗವನ್ನು ನೀರಿನೊಳಗೆ ಅಗಲಕ್ಕೆ ಹರಡಿ ಎಳೆದುಕೊಂಡು ಹೋದರೆ ತಂತಿ ತುಂಡಾಗಿ ಮೈನ್ ಮೇಲೆದ್ದು ಬರುತ್ತದೆ, ಗುಂಡು ಹೊಡೆದು ಮುಗಿಸಬಹುದು. ಹೀಗೆ ಗುಡಿಸಿಕೊಂಡು ಹೋಗುವ ಹಡಗೇ ಮೈನ್ ಸ್ವೀಪರ್.

ಎರಡನೆಯ ಮಹಾಯುದ್ಧ ಶುರುವಾದ ಎರಡೇ ತಿಂಗಳಿಗೆ ಈ ಸರಳತೆ ಮುಗಿಯಿತು. ಬ್ರಿಟನ್ನಿನ ಸುತ್ತ ಯಾವುದಕ್ಕೂ ತಾಗದ ಹಡಗುಗಳೇ ಸ್ಫೋಟಗೊಂಡು ಮುಳುಗತೊಡಗಿದವು. 1939ರ ನವೆಂಬರಿನಲ್ಲಿ ಜರ್ಮನ್ ವಿಮಾನವೊಂದು ಕೆಡವಿದ ಮೈನ್ ಥೇಮ್ಸ್ ನದಿಯ ಅಳಿವೆಯ ಶೂಬರಿನೆಸ್ ಎಂಬಲ್ಲಿ ಕೆಸರಿನಲ್ಲಿ ಹೂತುಕೊಂಡಿತು. ನೀರು ಇಳಿದ ಹೊತ್ತಿನಲ್ಲಿ ಜಾನ್ ಊವ್ರಿ ಎಂಬ ನೌಕಾಧಿಕಾರಿ ತನ್ನ ಸಂಗಡಿಗರೊಂದಿಗೆ ಹೋಗಿ ಅದನ್ನು ಬಿಚ್ಚಿದ. ಒಳಗಿದ್ದದ್ದು ಅಯಸ್ಕಾಂತದ ಮರ್ಮ. ಭೂಮಿಯೇ ಒಂದು ಅಯಸ್ಕಾಂತವಾದ್ದರಿಂದ ಅದರ ಮೇಲೆ ಕಟ್ಟಿ, ಅದರ ಮೇಲೆ ಓಡಾಡುವ ಪ್ರತಿ ಉಕ್ಕಿನ ಹಡಗೂ ತಾನೊಂದು ಅಯಸ್ಕಾಂತವಾಗಿಬಿಡುತ್ತದೆ. ಅದು ಮೇಲೆ ಹಾದುಹೋದಾಗ ಕೆಳಗಿನ ಕ್ಷೇತ್ರದಲ್ಲಾಗುವ ಸಣ್ಣ ಏರುಪೇರನ್ನು ಗ್ರಹಿಸಿ ತಳದ ಮೈನ್ ಸಿಡಿಯುತ್ತದೆ. ಆಮೇಲೆ ಎಂಜಿನ್ನಿನ ಸದ್ದು ಕೇಳಿ ಸಿಡಿಯುವ ಮೈನ್ ಬಂತು. ಹಡಗು ಹಾದಾಗ ನೀರಿನ ಒತ್ತಡ ಇಳಿಯುವುದನ್ನು ಗ್ರಹಿಸುವ ಮೈನೂ ಬಂತು. ಮೊದಲ ಐದು ಹಡಗುಗಳನ್ನು ಸುಮ್ಮನೆ ಬಿಟ್ಟು ಆರನೆಯದರ ಕೆಳಗೆ ಸಿಡಿಯುವಂತೆ ಎಣಿಕೆಯ ಯಂತ್ರ ಕೂರಿಸಿದರು. ಗುಡಿಸಿದ್ದೇವೆ, ಸಮುದ್ರ ಸ್ವಚ್ಛವಾಗಿದೆ ಎಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಹಾಗಾಗಿ ಗುಡಿಸುವುದರ ಜೊತೆಗೆ ಬೇಟೆಯೂ ಬೇಕಾಯಿತು. ಸೋನಾರ್ ಮೂಲಕ, ಅಂದರೆ ಧ್ವನಿಯ ಅಲೆ ಕಳಿಸಿ ಅದರ ಮಾರ್ದನಿಯಿಂದ ಸಮುದ್ರದ ತಳವನ್ನು ತಡವುತ್ತ, ಅನುಮಾನದ ವಸ್ತುವನ್ನು ಒಂದೊಂದಾಗಿ ಗುರುತಿಸಿ, ಕಲ್ಲೋ ಹಳೆಯ ಡ್ರಮ್ಮೋ ಮೈನೋ ಎಂದು ತೀರ್ಮಾನಿಸಿ, ಮೈನೇ ಆಗಿದ್ದರೆ ಅಲ್ಲೇ ಸಿಡಿಸುವುದು. ಇದೇ ಮೈನ್ ಹಂಟರ್‌ನ ಕೆಲಸ. ಈ ಕೆಲಸಕ್ಕೆ ಹೋಗುವ ಹಡಗು ಮೈನಿನ ಹತ್ತಿರವೇ ಹೋಗಬೇಕು, ಹೋದರೂ ಮೈನಿಗೆ ಅದರ ಸುಳಿವು ಸಿಗಬಾರದು. ಅಯಸ್ಕಾಂತ ಗುಣ ಇರಬಾರದು, ಸದ್ದು ಇರಬಾರದು. ಮೊದಲು ಇದಕ್ಕೆ ಮರವನ್ನೇ ನಂಬಿದರು. ಐವತ್ತರ ದಶಕದಲ್ಲಿ ಬ್ರಿಟನ್ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ‘ಟನ್’ ವರ್ಗದ ಹಡಗುಗಳದು ಮರದ ಒಡಲು, ಅಲ್ಯುಮಿನಿಯಂ ಪಕ್ಕೆಲುಬು. ಮರ ಕೊಳೆಯುತ್ತದೆ, ಒಳ್ಳೆಯ ಮರ ಸಿಗುವುದೂ ಅದರಲ್ಲಿ ಕೈಪಳಗಿದ ಬಡಗಿಗಳು ಸಿಗುವುದೂ ಕಷ್ಟವಾಗುತ್ತ ಬಂತು. 1973ರಲ್ಲಿ ‘ವಿಲ್ಟನ್’ ಎಂಬ ಪ್ರಾಯೋಗಿಕ ಹಡಗು ಸೇವೆಗೆ ಬಂತು. ಹಳೆಯ ಟನ್ ವರ್ಗದ ಹಡಗೊಂದರಿಂದ ಬಿಚ್ಚಿದ ಯಂತ್ರಗಳನ್ನೇ ಹಾಕಿಕೊಂಡಿದ್ದ ಇದರ ಒಡಲು ಮಾತ್ರ ಫೈಬರ್ ಗ್ಲಾಸಿನದು, ಆ ವಸ್ತುವಿನಲ್ಲಿ ಕಟ್ಟಿದ ಮೊದಲ ಯುದ್ಧನೌಕೆ.

ಮಲ್ಪೆ, ಗಂಗೊಳ್ಳಿ, ಕಾರವಾರದ ದಕ್ಕೆಗಳಲ್ಲಿ ನಿಂತ ಫೈಬರ್ ದೋಣಿಗಳನ್ನು ನೋಡಿದವರಿಗೆ ಈ ವಸ್ತು ಪರಿಚಿತವೇ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸುವುದು, ರಾಳ ಸುರಿದು ಉರುಳೆಯಿಂದ ಒತ್ತುವುದು, ಮತ್ತೊಂದು ಪದರ ಹಾಸುವುದು. ಅದೇ ಕೆಲಸವನ್ನು 60 ಮೀಟರ್ ಉದ್ದಕ್ಕೆ, ಏಳುನೂರು ಟನ್ನಿನ ಆಸುಪಾಸಿನ ಹಡಗಿಗೆ ಮಾಡಿದರೆ ‘ಹಂಟ್’ ವರ್ಗದ ಮೈನ್ ಹಂಟರ್ ಆಗುತ್ತದೆ. 1980ರಿಂದ 1989ರವರೆಗೆ ಬ್ರಿಟನ್ ಇಂಥ 13 ಹಡಗುಗಳನ್ನು ಸೇವೆಗೆ ಸೇರಿಸಿತು. ಅವುಗಳಲ್ಲಿ ಎರಡನ್ನು ಗ್ಲಾಸ್ಗೊ ನಗರದ ಯಾರೊ ಕಾರ್ಖಾನೆ ಕಟ್ಟಿತು. ಉಳಿದವು ಸೌತಾಂಪ್ಟನ್ನಿನ ವುಲ್‌ಸ್ಟನ್‌ನಲ್ಲಿದ್ದ ವಾಸ್ಪರ್ ಥಾರ್ನಿಕ್ರಾಫ್ಟ್ ಕಾರ್ಖಾನೆಯ ಕೂಸುಗಳು. ನಮ್ಮ ಕಥೆಯ ಹಡಗೂ ಅಲ್ಲಿಯದೇ. 1986ರ ಡಿಸೆಂಬರಿನಲ್ಲಿ ನೀರಿಗಿಳಿಯಿತು, 1988ರ ಜನವರಿಯಲ್ಲಿ ಸೇವೆಗೆ ಸೇರಿತು. ಆಗ ಅದರ ಹೆಸರು ‘ಎಚ್‌ಎಂಎಸ್ ಬರ್ಕ್ಲಿ’.

ಕುದುರೆ ಏರಿ, ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡುವ ಇಂಗ್ಲೆಂಡಿನ ಹಳೆಯ ತಂಡಗಳ ಹೆಸರುಗಳನ್ನೇ ಈ ವರ್ಗದ ಹಡಗುಗಳಿಗೆಲ್ಲ ಇಟ್ಟರು. ಮಹಾಯುದ್ಧ ಕಾಲದ ಒಂದು ಡಿಸ್ಟ್ರಾಯರ್ ವರ್ಗಕ್ಕೂ ಇದೇ ಹೆಸರುಗಳಿದ್ದವು. ಆ ಹಳೆಯ ಬರ್ಕ್ಲಿ 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದಿಯೆಪ್ ದಾಳಿಯ ವೇಳೆ ಬಾಂಬಿಗೆ ಸಿಕ್ಕಿತು, ಉಳಿಸಿಕೊಳ್ಳಲಾಗದೆ ತಮ್ಮವರೇ ಅದನ್ನು ಮುಳುಗಿಸಬೇಕಾಯಿತು. ಹೆಸರಿನ ಶಕುನ ನೋಡುವವರು ಇದನ್ನು ಗಮನಿಸಬಹುದು. ನಾನು ನೋಡುವುದಿಲ್ಲ.

ಹೊಸ ಬರ್ಕ್ಲಿಯೊಳಗೆ ಏನಿತ್ತು ಎಂಬುದು ಅದರ ಯುದ್ಧಗಳಿಗಿಂತ ಹೆಚ್ಚು ಸ್ವಾರಸ್ಯದ ವಿಷಯ. ಒಡಲು ಫೈಬರ್ ಆದ ಮಾತ್ರಕ್ಕೆ ಅಯಸ್ಕಾಂತದ ಕಾಟ ತಪ್ಪುವುದಿಲ್ಲ, ಒಳಗಿನ ಯಂತ್ರಗಳು ಲೋಹದವೇ. ಸಾಧ್ಯವಾದಲ್ಲೆಲ್ಲ ಅಲ್ಯುಮಿನಿಯಂ, ಕಂಚು, ಅಯಸ್ಕಾಂತಕ್ಕೆ ಒಲಿಯದ ಬಗೆಯ ಉಕ್ಕು ಬಳಸಿದರು. ಉಳಿದ ಅಂಶವನ್ನು ಅಳಿಸಲು ಒಡಲ ಸುತ್ತ ವಿದ್ಯುತ್ ಸುರುಳಿಗಳನ್ನು ಸುತ್ತಿ, ಎದುರು ದಿಕ್ಕಿನ ಕ್ಷೇತ್ರ ಹುಟ್ಟಿಸಿದರು. ಎಂಜಿನ್ನಿನ ಆಯ್ಕೆಯಂತೂ ವಿಚಿತ್ರ. ವೇಗದ ಟಾರ್ಪೆಡೊ ದೋಣಿಗಳಿಗಾಗಿ ಯುದ್ಧಾನಂತರ ನೇಪಿಯರ್ ಕಂಪನಿ ರೂಪಿಸಿದ ‘ಡೆಲ್ಟಿಕ್’ ಡೀಸೆಲ್ ಎಂಜಿನ್ ಅದು. ಮೂರು ಸಾಲು ಸಿಲಿಂಡರುಗಳು ತಲೆಕೆಳಗಾದ ತ್ರಿಕೋನವಾಗಿ ಕೂಡಿಕೊಂಡಿರುತ್ತವೆ, ಒಂದೊಂದು ಸಿಲಿಂಡರಿನಲ್ಲೂ ಎದುರುಬದುರಾಗಿ ಎರಡು ಪಿಸ್ಟನ್, ತ್ರಿಕೋನದ ಮೂಲೆಗೊಂದರಂತೆ ಮೂರು ಕ್ರ್ಯಾಂಕ್ ಶಾಫ್ಟ್. ಹಗುರ ಮೈ, ಭಾರೀ ಶಕ್ತಿ. ಇದರ ದೊಡ್ಡಣ್ಣನನ್ನು ಲಂಡನ್‌–ಎಡಿನ್‌ಬರೊ ಎಕ್ಸ್‌ಪ್ರೆಸ್ ರೈಲಿನ ಲೋಕೊಮೋಟಿವ್‌ಗಳಲ್ಲಿ ಹಾಕಿದ್ದರು. ಆ ರೈಲು ಎಂಜಿನ್ನುಗಳು 1982ರ ಜನವರಿಯಲ್ಲೇ ನಿವೃತ್ತವಾದವು. ಅದರ ತಮ್ಮಂದಿರು ಮಾತ್ರ ಒಂಬತ್ತು ಸಿಲಿಂಡರಿನ, ಅಯಸ್ಕಾಂತ ಗುಣ ಕಡಿಮೆ ಮಾಡಿದ ರೂಪದಲ್ಲಿ, ಸಮುದ್ರದಲ್ಲಿ ಇನ್ನೂ ದಶಕಗಳ ಕಾಲ ದುಡಿದರು. ಮೆಕ್ಯಾನಿಕ್ ಆದವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ ಎಂದೇ ನನ್ನ ಅಂದಾಜು.

ಡೆಲ್ಟಿಕ್ ಶಕ್ತಿಯಲ್ಲಿ ಹಡಗು 15 ನಾಟ್ ವೇಗದಲ್ಲಿ ಓಡುತ್ತಿತ್ತು. ಆದರೆ ಬೇಟೆಗಿಳಿದಾಗ ಆ ಗದ್ದಲ ಬೇಡ. ಆಗ ಹೈಡ್ರಾಲಿಕ್ ವ್ಯವಸ್ಥೆಯ ಮೂಲಕ ನಿಧಾನವಾಗಿ ತೆವಳುತ್ತ, ಮುಂಭಾಗದಲ್ಲಿ ಅಡ್ಡಕ್ಕೆ ನೂಕುವ ಥ್ರಸ್ಟರ್ ಬಳಸಿ ನಿಂತಲ್ಲೇ ನಿಲ್ಲುವ ಸಾಮರ್ಥ್ಯ ಇತ್ತು. ಸೋನಾರಿನ ಪರದೆಯಲ್ಲಿ ಅನುಮಾನದ ಗುರುತು ಕಂಡರೆ ಕ್ರೇನಿನಿಂದ ‘ಪ್ಯಾಪ್ 104’ ಎಂಬ ಫ್ರೆಂಚ್ ಯಂತ್ರಮೀನನ್ನು ಇಳಿಸುತ್ತಿದ್ದರು. ಬಣ್ಣ ಹಳದಿ, ಹಿಂದೆ ತಂತಿಯ ಬಾಲ, ಮುಂದೆ ಕ್ಯಾಮೆರಾ, ಹೊಟ್ಟೆಯ ಕೆಳಗೆ 100 ಕಿಲೊ ತೂಕದ ಸಿಡಿಮದ್ದು. ಮೈನಿನ ಪಕ್ಕ ಮದ್ದು ಇಟ್ಟು ಅದು ಹಿಂದಿರುಗಿದ ಮೇಲೆ ದೂರದಿಂದ ಸಿಡಿಸುವುದು. ಯಂತ್ರಕ್ಕೆ ಒಗ್ಗದ ಕಡೆ ಮುಳುಗುಗಾರರೇ ಇಳಿಯಬೇಕು. ಹಡಗಿನ ಹಿಂಭಾಗದ ಅಗಲವಾದ ಅಟ್ಟ ಇವೆಲ್ಲದರ ಕಾರ್ಯಾಗಾರ; ಹಳೆಯ ಮಾದರಿಯ ಗುಡಿಸುವ ಹಗ್ಗ, ರಾಟೆ, ಕತ್ತರಿಗಳೂ ಅಲ್ಲೇ. 2020ರಲ್ಲಿ ಸಮುದ್ರದ ಪಾಲಾದದ್ದು ಹಿಂಭಾಗ ಎಂದಾಗ ಹೋದದ್ದು ಬರಿಯ ಬಾಲವಲ್ಲ, ಹಡಗಿನ ದುಡಿಯುವ ಕೈ.

ಇಷ್ಟೆಲ್ಲ ಸೇರಿ ಹಂಟ್ ಹಡಗುಗಳು ಆ ಕಾಲಕ್ಕೆ ಟನ್ನಿನ ಲೆಕ್ಕದಲ್ಲಿ ಅತಿ ದುಬಾರಿ ಯುದ್ಧನೌಕೆಗಳ ಸಾಲಿಗೆ ಸೇರಿದವು. ಮೈಮೇಲೆ ಹೇಳಿಕೊಳ್ಳುವಂಥ ಆಯುಧವಿಲ್ಲ, ಮೆರವಣಿಗೆಯಲ್ಲಿ ಯಾರೂ ಕೈ ತೋರಿಸಿ ನೋಡುವಂಥದ್ದೂ ಅಲ್ಲ. ಖಜಾನೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಾಗಿದ್ದಿರಬೇಕು. ಆದರೆ ಬರ್ಕ್ಲಿ ಸೇವೆಗೆ ಸೇರಿದ ಮೂರೇ ತಿಂಗಳಿಗೆ, 1988ರ ಏಪ್ರಿಲ್ 14ರಂದು, ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಎಂಬ ಫ್ರಿಗೇಟ್ ಇರಾನ್ ಹಾಕಿದ್ದ ಮೈನಿಗೆ ತಾಗಿ ಎರಡಾಗುವ ಸ್ಥಿತಿ ತಲುಪಿತು. ರಷ್ಯಾ 1908ರಲ್ಲಿ ರೂಪಿಸಿದ ಮಾದರಿಯ ಮೈನ್ ಅದು. ಕ್ಷಿಪಣಿಗಳ ಯುಗದ ಹಡಗನ್ನು ಎಂಬತ್ತು ವರ್ಷ ಹಳೆಯ ಕೊಂಬಿನ ಗೋಳ ಕೆಡವಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ಸಾವಿರಕ್ಕೂ ಹೆಚ್ಚು ಮೈನ್ ಹಾಕಿತು. ಫೆಬ್ರವರಿ 18ರಂದು ಒಂದೇ ದಿನ ಅಮೆರಿಕದ ‘ಟ್ರಿಪೊಲಿ’ ಮತ್ತು ‘ಪ್ರಿನ್ಸ್‌ಟನ್’ ಎರಡೂ ಅವಕ್ಕೆ ಸಿಕ್ಕವು. ಕುವೈತಿನ ಕರಾವಳಿ ತೆರವು ಮಾಡಲು ಹೋದವರಲ್ಲಿ ಬರ್ಕ್ಲಿಯ ಅಕ್ಕತಂಗಿಯರಾದ ಹಂಟ್ ಹಡಗುಗಳು ಮುಂದೆ ಇದ್ದವು. ಫಾಕ್ಲೆಂಡ್ ಯುದ್ಧ ಮುಗಿದ ಮೇಲೆ ಸ್ಟ್ಯಾನ್ಲಿ ಬಂದರಿನ ಸುತ್ತಣ ನೀರನ್ನು ಸ್ವಚ್ಛ ಮಾಡಿದವೂ ಇದೇ ವರ್ಗದ ಬ್ರೆಕನ್ ಮತ್ತು ಲೆಡ್‌ಬರಿ.

ಬರ್ಕ್ಲಿಯ ಬ್ರಿಟಿಷ್ ಆಯುಷ್ಯ ಸುಮಾರು 13 ವರ್ಷ. ಶೀತಲ ಸಮರ ಮುಗಿದು ನೌಕಾಪಡೆ ಕುಗ್ಗತೊಡಗಿತ್ತು. ಬೇಟೆಯೊಂದನ್ನೇ ಕಸುಬಾಗಿಸಿಕೊಂಡ, ಇನ್ನೂ ಚಿಕ್ಕದಾದ ‘ಸ್ಯಾಂಡೌನ್’ ವರ್ಗದ ಹನ್ನೆರಡು ಹೊಸ ಹಡಗುಗಳು ಬರುತ್ತಿದ್ದವು. ಹಳೆಯವುಗಳಲ್ಲಿ ಕೆಲವನ್ನು ಬಿಟ್ಟುಕೊಡಲು ಲಂಡನ್ ತಯಾರಾಯಿತು. ಗ್ರೀಸಿನ ಬಳಿ ಇದ್ದದ್ದು ಅರವತ್ತರ ದಶಕದ ಅಮೆರಿಕನ್ ಮಾದರಿಯ ಮರದ ಮೈನ್ ಸ್ವೀಪರ್‌ಗಳು. ಹೀಗೆ 2000ದಲ್ಲಿ ‘ಬೈಸೆಸ್ಟರ್’ ಮತ್ತು 2001ರಲ್ಲಿ ‘ಬರ್ಕ್ಲಿ’ ಏಜಿಯನ್ ಸಮುದ್ರದ ಸೊಸೆಯಂದಿರಾದವು. ಬೈಸೆಸ್ಟರ್ ‘ಎವ್ರೊಪಿ’ ಆಯಿತು, ಬರ್ಕ್ಲಿ ‘ಕಾಲಿಸ್ಟೊ’ ಆಯಿತು. ಎರಡೂ ಗ್ರೀಕ್ ಪುರಾಣದಲ್ಲಿ ಸ್ಯೂಸ್ ದೇವರು ಬಯಸಿದ ಹೆಣ್ಣುಗಳ ಹೆಸರು. ಕಾಲಿಸ್ಟೊಳನ್ನು ಸ್ಯೂಸನ ಹೆಂಡತಿ ಹೇರಾ ಕರಡಿಯಾಗಿ ಮಾಡಿದಳೆಂದೂ, ಆಕೆ ಕೊನೆಗೆ ಆಕಾಶದಲ್ಲಿ ನಕ್ಷತ್ರಪುಂಜವಾದಳೆಂದೂ ಕಥೆ. ನಾವು ಸಪ್ತರ್ಷಿಗಳೆಂದು ಕರೆಯುವ ಏಳು ನಕ್ಷತ್ರ ಆ ಕರಡಿಯ ಮೈಯಲ್ಲೇ ಇವೆ. ಅಷ್ಟಕ್ಕೂ ಸಿಟ್ಟು ತಣಿಯದ ಹೇರಾ, ಆ ಕರಡಿ ಎಂದಿಗೂ ಸಮುದ್ರಕ್ಕಿಳಿದು ಮೀಯಬಾರದೆಂದು ಶಪಿಸಿದಳಂತೆ. ಗ್ರೀಸಿನ ಅಕ್ಷಾಂಶದಿಂದ ನೋಡಿದರೆ ಆ ನಕ್ಷತ್ರಗಳು ಕಡಲಂಚಿನಲ್ಲಿ ಮುಳುಗುತ್ತಿರಲಿಲ್ಲ, ಅದಕ್ಕೆ ಹುಟ್ಟಿದ ಕಥೆ ಇದು. ಕಡಲು ಮುಟ್ಟಬಾರದೆಂಬ ಶಾಪ ಹೊತ್ತವಳ ಹೆಸರನ್ನು ಹಡಗಿಗೆ ಇಟ್ಟವರ ಎದೆಗಾರಿಕೆ ಮೆಚ್ಚತಕ್ಕದ್ದೇ.

ಮೈನ್ ಎಂಬುದು ಗ್ರೀಸಿಗೆ ಪುಸ್ತಕದ ಭಯವಲ್ಲ. 1946ರ ಅಕ್ಟೋಬರ್ 22ರಂದು ಗ್ರೀಸಿನ ಕೋರ್ಫು ದ್ವೀಪಕ್ಕೂ ಅಲ್ಬೇನಿಯಕ್ಕೂ ನಡುವಿನ ಕಿರಿದಾದ ಕಾಲುವೆಯಲ್ಲಿ ಬ್ರಿಟನ್ನಿನ ‘ಸಾಮರೆಜ್’ ಮತ್ತು ‘ವೊಲೆಜ್’ ಡಿಸ್ಟ್ರಾಯರ್‌ಗಳು ಮೈನಿಗೆ ತಾಗಿ 44 ನಾವಿಕರು ಸತ್ತರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ವಿಚಾರಿಸಿದ ಮೊದಲ ಮೊಕದ್ದಮೆ ಇದೇ. ತನ್ನ ನೀರಿನಲ್ಲಿ ಮೈನ್ ಇರುವುದು ಗೊತ್ತಿದ್ದೂ ಎಚ್ಚರಿಸದ ತಪ್ಪಿಗೆ ಅಲ್ಬೇನಿಯ ಪರಿಹಾರ ಕೊಡಬೇಕೆಂದು 1949ರಲ್ಲಿ ತೀರ್ಪಾಯಿತು. ಆದರೆ ಘಟನೆಯ ನಂತರ ಬ್ರಿಟನ್ ಅನುಮತಿ ಕೇಳದೆ ಅಲ್ಲಿಗೆ ಮೈನ್ ಸ್ವೀಪರ್ ನುಗ್ಗಿಸಿದ್ದೂ ತಪ್ಪೇ ಎಂದು ಅದೇ ನ್ಯಾಯಾಲಯ ಹೇಳಿತು. ಅಪಾಯ ತೆಗೆಯುವ ಹಡಗಿಗೂ ಮೇರೆಯುಂಟು ಎಂಬುದು ಅಂದಿನಿಂದ ಕಾನೂನು.

ಇದಕ್ಕಿಂತಲೂ ಕಾಲಿಸ್ಟೊಗೆ ಹತ್ತಿರದ ಕಥೆ ಇನ್ನೊಂದಿದೆ. ಯುದ್ಧಕಾಲದ ಹಂಟ್ ಡಿಸ್ಟ್ರಾಯರ್‌ಗಳಲ್ಲಿ ‘ಬಾರ್ಡರ್’ ಎಂಬುದನ್ನು ಬ್ರಿಟನ್ 1942ರಲ್ಲಿ ಗ್ರೀಕರಿಗೆ ಕೊಟ್ಟಿತ್ತು, ಅವರು ಅದನ್ನು ‘ಆದ್ರಿಯಾಸ್’ ಎಂದು ಕರೆದರು. 1943ರ ಅಕ್ಟೋಬರ್ 22ರ ರಾತ್ರಿ ಕಾಲಿಮ್ನೊಸ್ ದ್ವೀಪದ ಬಳಿ ಅದು ಜರ್ಮನ್ ಮೈನಿಗೆ ಸಿಕ್ಕಿ ಮೂತಿಯನ್ನೇ ಕಳೆದುಕೊಂಡಿತು, 21 ಮಂದಿ ಸತ್ತರು. ನೆರವಿಗೆ ಬರುತ್ತಿದ್ದ ಬ್ರಿಟಿಷ್ ಹಡಗು ‘ಹರ್ವರ್ತ್’ ಅದೇ ಮೈನ್ ಹೊಲದಲ್ಲಿ ಸಿಡಿದು ನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. ಆದ್ರಿಯಾಸಿನ ಕಪ್ತಾನ ಇಯೊನಿಸ್ ತೂಂಬಾಸ್ ಹಡಗು ಬಿಡಲಿಲ್ಲ. ಸಮೀಪದ ಟರ್ಕಿ ಕರಾವಳಿಗೆ ಒಯ್ದು, ಸಿಕ್ಕ ಹಲಗೆ ತಗಡುಗಳಿಂದ ಬಾಯಿ ಮುಚ್ಚಿಸಿ, ಡಿಸೆಂಬರ್ ಮೊದಲ ವಾರದಲ್ಲಿ ಮೂತಿಯಿಲ್ಲದ ಹಡಗನ್ನೇ ಓಡಿಸಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯ ತಲುಪಿಸಿದ. ಮುಂದೆ ಗ್ರೀಸ್ ಸರ್ಕಾರದಲ್ಲಿ ಮಂತ್ರಿಯೂ ಆದ. ಮುಂಭಾಗವಿಲ್ಲದ ಆ ಹಡಗಿನ ಚಿತ್ರ ಗ್ರೀಕ್ ನೌಕಾಪಡೆಯ ಹೆಮ್ಮೆ. ಹಿಂಭಾಗವಿಲ್ಲದ ಕಾಲಿಸ್ಟೊದ ಚಿತ್ರಕ್ಕೆ ಆ ಭಾಗ್ಯ ಬರಲಾರದು, ಏಕೆಂದರೆ ಅದರ ಎದುರಿನಲ್ಲಿ ಶತ್ರುವೇ ಇರಲಿಲ್ಲ.

ಇದ್ದದ್ದು ವ್ಯಾಪಾರ. ಚೀನಾದ ಕಾಸ್ಕೊ ಕಂಪನಿ 2009ರಲ್ಲಿ ಕಾಲಿಟ್ಟು, 2016ರಲ್ಲಿ ಬಂದರು ಪ್ರಾಧಿಕಾರದ ಬಹುಪಾಲು ಷೇರುಗಳನ್ನೇ ಕೊಂಡ ಮೇಲೆ ಪಿರೇಯಸ್ ಮೆಡಿಟರೇನಿಯನ್ನಿನ ಮುಂಚೂಣಿಯ ಕಂಟೇನರ್ ಬಂದರುಗಳಲ್ಲೊಂದಾಯಿತು. ದೈತ್ಯ ಹಡಗುಗಳು, ದ್ವೀಪಗಳಿಗೆ ಹೋಗುವ ಫೆರಿಗಳು, ಪ್ರವಾಸಿ ನೌಕೆಗಳು ಎಲ್ಲವೂ ಓಡಾಡುವ ಆ ನೀರಿನ ಪಕ್ಕದಲ್ಲೇ ಗ್ರೀಸಿನ ಪ್ರಮುಖ ನೌಕಾನೆಲೆ. ಕ್ರಿಸ್ತಪೂರ್ವ 480ರಲ್ಲಿ ಸಂಖ್ಯೆಯಲ್ಲಿ ಕಡಿಮೆಯಿದ್ದ ಗ್ರೀಕ್ ಹಡಗುಗಳು ಪರ್ಷಿಯದ ದೊಡ್ಡ ಪಡೆಯನ್ನು ಇಕ್ಕಟ್ಟಿಗೆ ಎಳೆದು ಸೋಲಿಸಿದ್ದು ಇದೇ ಸಲಾಮಿಸ್‌ನಲ್ಲಿ. ಇಕ್ಕಟ್ಟು ಆಗ ಚಿಕ್ಕವರ ಪರವಾಗಿತ್ತು.

ಫೈಬರ್ ಒಡಲಿನ ಬದಲು ಉಕ್ಕಿನದಿದ್ದಿದ್ದರೆ ಕಾಲಿಸ್ಟೊ ಉಳಿಯುತ್ತಿತ್ತೇ? ಹಾಗೆ ಹೇಳಲಾಗದು, ತೂಕದ ಅಂತರ ಅಷ್ಟಿದೆ. ಉಕ್ಕಿನ ಹಡಗೂ ನುಜ್ಜಾಗುತ್ತಿತ್ತು. ಆದರೆ ಒಡಲನ್ನು ನೀರು ನುಗ್ಗದ ಕೋಣೆಗಳಾಗಿ ವಿಂಗಡಿಸಿದ್ದರಿಂದಲೇ ಬಾಲ ಹೋದ ಮೇಲೂ ಉಳಿದದ್ದು ತೇಲಿತು, 27 ಜೀವ ಉಳಿಯಿತು. ಕೆಳಗೆ ಮೈನ್ ಸಿಡಿದರೂ ತಡೆದುಕೊಳ್ಳಲಿ ಎಂದು ಲೆಕ್ಕ ಹಾಕಿ ಕಟ್ಟಿದ ಹಡಗು ಕೊನೆಯ ದಿನ ಅಷ್ಟರ ಮಟ್ಟಿಗೆ ತನ್ನ ಮಾತು ಉಳಿಸಿಕೊಂಡಿತು. ದುರಸ್ತಿ ಮಾತ್ರ ಆಗದ ಮಾತು. ಸೌತಾಂಪ್ಟನ್ನಿನ ಆ ಅಚ್ಚುಗಳು, ಆ ಕೈಗಳು ಈಗ ಇಲ್ಲ. ವುಲ್‌ಸ್ಟನ್ ಕಾರ್ಖಾನೆಯೇ ಎರಡು ದಶಕದ ಹಿಂದೆ ಮುಚ್ಚಿ ಅಲ್ಲಿ ವಸತಿ ಬಡಾವಣೆ ಎದ್ದಿದೆ.

ಮೈನ್ ಹಂಟರ್‌ಗಳು ಹೀಗೆ ಕೈಯಿಂದ ಕೈಗೆ ಹೋಗುವುದು ಗ್ರೀಸಿಗೆ ಮಾತ್ರ ಸೀಮಿತವಲ್ಲ, ಅದಕ್ಕೆ ಕಾರಣ ಆ ಒಡಲೇ. ಫೈಬರ್ ತುಕ್ಕು ಹಿಡಿಯುವುದಿಲ್ಲ. ಎಂಜಿನ್, ಸೋನಾರ್ ಬದಲಿಸಿದರೆ ನಲವತ್ತು ವರ್ಷದ ಹಡಗೂ ನಡೆಯುತ್ತದೆ. ಹಂಟ್ ವರ್ಗದ ಕಾಟ್ಸ್‌ಮೋರ್ ಮತ್ತು ಡಲ್ವರ್ಟನ್ ಲಿಥುವೇನಿಯಕ್ಕೆ ಹೋದವು. ಸ್ಯಾಂಡೌನ್ ವರ್ಗದ ಮೂರು ಹಡಗು ಎಸ್ಟೋನಿಯ ಸೇರಿದವು. ಆ ಪೈಕಿ ಮೊದಲನೆಯದಕ್ಕೆ, 1918–19ರಲ್ಲಿ ಆ ಪುಟ್ಟ ದೇಶದ ಸ್ವಾತಂತ್ರ್ಯ ಸಮರಕ್ಕೆ ನೆರವಾದ ಬ್ರಿಟಿಷ್ ಅಡ್ಮಿರಲ್ ಕೋವನ್‌ನ ಹೆಸರನ್ನೇ ಇಟ್ಟರು. ಬಾಲ್ಟಿಕ್ ತಳದಲ್ಲಿ ಎರಡು ಮಹಾಯುದ್ಧಗಳ ಮೈನ್ ಇನ್ನೂ ಸಿಗುತ್ತಿವೆ, ಅಲ್ಲಿ ಈ ಹಡಗುಗಳಿಗೆ ಬಿಡುವಿಲ್ಲ. ಅತ್ತ ಉಕ್ರೇನಿಗಾಗಿ ಬ್ರಿಟನ್ ಕೊಟ್ಟ ಗ್ರಿಮ್ಸ್‌ಬಿ ಮತ್ತು ಶೋರ್‌ಹ್ಯಾಮ್ ‘ಚೆರ್ಕಾಸಿ’, ‘ಚೆರ್ನಿಹಿವ್’ ಎಂದು ಹೆಸರು ಬದಲಿಸಿಕೊಂಡು ಕಪ್ಪು ಸಮುದ್ರಕ್ಕೆ ಹೋಗಲಾಗದೆ ಉಳಿದವು. ಯುದ್ಧ ಮುಗಿಯುವವರೆಗೆ ತನ್ನ ಜಲಸಂಧಿಗಳ ಮೂಲಕ ಅವನ್ನು ಬಿಡುವುದಿಲ್ಲವೆಂದು 1936ರ ಮಾಂಟ್ರೊ ಒಪ್ಪಂದವನ್ನು ಮುಂದಿಟ್ಟು ಟರ್ಕಿ 2024ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಮೈನ್ ಇರುವ ಸಮುದ್ರ ಒಂದು ಕಡೆ, ಮೈನ್ ತೆಗೆಯುವ ಹಡಗು ಇನ್ನೊಂದು ಕಡೆ.

ಇಂಥ ವರ್ಗಾವಣೆ ನಮಗೂ ಹೊಸದಲ್ಲ. 1956ರ ಸುಮಾರಿಗೆ ಬ್ರಿಟನ್ನಿನಿಂದ ಬಂದ ಮರದ ಒಡಲಿನ, ‘ಟನ್’ ವರ್ಗದ ನಾಲ್ಕು ಹಡಗುಗಳಿಗೆ ಭಾರತ ಕರಾವಳಿಯ ಊರುಗಳ ಹೆಸರಿಟ್ಟಿತು: ಕಣ್ಣಾನೂರು, ಕಡಲೂರು, ಕಾಕಿನಾಡ, ಕಾರವಾರ. ಬ್ರಿಟನ್ನಿನಲ್ಲಿ ‘ಓವರ್ಟನ್’ ಆಗಿದ್ದ ಹಡಗು ಇಲ್ಲಿ ‘ಐಎನ್‌ಎಸ್ ಕಾರವಾರ’ ಆಯಿತು. ಇವತ್ತು ದೇಶದ ದೊಡ್ಡ ನೌಕಾನೆಲೆ ಇರುವ ಊರಿನ ಹೆಸರು ಆ ನೆಲೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಒಂದು ಸೆಕೆಂಡ್ ಹ್ಯಾಂಡ್ ಮೈನ್ ಸ್ವೀಪರ್ ಮೇಲೆ ಸಮುದ್ರ ಸುತ್ತಿತ್ತು. ಅದು ಹಳತಾದ ಮೇಲೆ ಸೋವಿಯತ್ ಒಕ್ಕೂಟ ಕಟ್ಟಿಕೊಟ್ಟ ಹನ್ನೆರಡು ಮೈನ್ ಸ್ವೀಪರ್‌ಗಳಲ್ಲಿ ಒಂದಕ್ಕೆ 1986ರಲ್ಲಿ ಮತ್ತೆ ಕಾರವಾರದ ಹೆಸರು ಬಂತು. ಆ ಎರಡನೆಯ ಕಾರವಾರ 2017ರ ಮೇ ತಿಂಗಳಲ್ಲಿ ನಿವೃತ್ತವಾಯಿತು. ಹನ್ನೆರಡರಲ್ಲಿ ಕೊನೆಯದಾದ ‘ಐಎನ್‌ಎಸ್ ಕೋಝಿಕ್ಕೋಡ್’ 2019ರ ಏಪ್ರಿಲ್‌ನಲ್ಲಿ ಬಾವುಟ ಇಳಿಸಿತು. ಪಾಕಿಸ್ತಾನ ತೊಂಬತ್ತರ ದಶಕದಲ್ಲೇ ಫ್ರಾನ್ಸಿನಿಂದ, ಬಳಸಿದ ಒಂದು ಹಡಗೂ ಸೇರಿ, ಫೈಬರ್ ಒಡಲಿನ ಮೈನ್ ಹಂಟರ್‌ಗಳನ್ನು ಕೊಂಡಿತ್ತು.

ಗೋವಾ ಶಿಪ್‌ಯಾರ್ಡ್‌ನಲ್ಲಿ ದಕ್ಷಿಣ ಕೊರಿಯಾದ ಕಂಪನಿಯೊಂದರ ಜೊತೆ ಹನ್ನೆರಡು ಹಡಗು ಕಟ್ಟುವ ನಮ್ಮ ಯೋಜನೆ ವರ್ಷಗಟ್ಟಲೆ ಮಾತುಕತೆಯಾಗಿ 2018ರಲ್ಲಿ ರದ್ದಾಯಿತು. ಬೇರೆ ಹಡಗುಗಳಿಗೆ ಬೇಕಾದಾಗ ಜೋಡಿಸಿ ತೆಗೆಯುವ ಉಪಕರಣಗಳಿಂದ ನೌಕಾಪಡೆ ಕೆಲಸ ಸಾಗಿಸಬೇಕಾಯಿತು. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿ ಹೊಸ ಮೈನ್ ನಿವಾರಣಾ ಹಡಗುಗಳಿಗೆ ಮೊದಲ ಹಂತದ ಒಪ್ಪಿಗೆ ಕೊಟ್ಟಿತು. ಆದರೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಹಡಗು ಬಂದಂತಲ್ಲ; ಬರ್ಕ್ಲಿಯಂಥ ಪಳಗಿದ ವಿನ್ಯಾಸದ ಹಡಗಿಗೂ ನೀರಿಗಿಳಿದ ಮೇಲೆ ಸೇವೆಗೆ ಸೇರಲು ಒಂದು ವರ್ಷದ ಮೇಲೆ ಹಿಡಿದಿತ್ತು. ಸಾವಿರಾರು ಕಿಲೋಮೀಟರ್ ಕರಾವಳಿಯ, ಕಚ್ಚಾತೈಲದ ಬಹುಪಾಲನ್ನು ಹಡಗಿನಲ್ಲೇ ತರಿಸಿಕೊಳ್ಳುವ ದೇಶವೊಂದು 2019ರಿಂದ ಮೈನ್ ತೆಗೆಯುವ ಒಂದೂ ಹಡಗಿಲ್ಲದೆ ವರ್ಷಗಳನ್ನು ಕಳೆದಿರುವುದು ನಮ್ಮ ರಕ್ಷಣಾ ಯೋಜನೆಯ ದೊಡ್ಡ ಲೋಪ, ಅದಕ್ಕೆ ಬೇರೆ ಹೆಸರಿಲ್ಲ.